ನಾವು ಮುಚ್ಚದ ಬಾವಿ

ಬಯಕೆ ಊಟ ಮುಗಿದು, ತೌರಿಗೆ ಹೊರಡಲು ಬಟ್ಟೆ ಮಡಚಿಡುತ್ತಿದ್ದ ದಿನ ಅಮ್ಮ ಫೋನ್ ಮಾಡಿ, "ನೀ ಬಪ್ಪುದ್ ಬ್ಯಾಡ" ಎಂದಳು. ಚೊಚ್ಚಲ ಹೆರಿಗೆಗೆ ಮಗಳು ಬರುವುದು ಬೇಡ ಅನ್ನುವ ತಾಯಿಯನ್ನು ನಮ್ಮ ಕಡೆ ಯಾರೂ ಕಂಡಿರಲಿಕ್ಕಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಬ್ರಹ್ಮಾವರದ ಗಂಡನ ಮನೆಯ ಚಾವಡಿಯಲ್ಲಿ ಅತ್ತೆ ಕೂತು ಹೂ ಕಟ್ಟುತ್ತಿದ್ದರು. ಅವರಿಗೆ ಕೇಳಬಾರದೆಂದು ಹಿತ್ತಲಿಗೆ ಹೋಗಿ ಮಾತಾಡಿದೆ.

"ಎಂತಕೆ ಬ್ಯಾಡ? ನಾ ಎಂತ ಮಾಡಿದೆ?"

"ನೀ ಎಂತ ಮಾಡ್ಲಿಲ್ಲೆ ಹೆಣೆ. ಬಾವಿ ನೀರ್ ಆಗ. ನಿನ್ ಕೂಸಿಗೆ ಆ ನೀರ್ ಮುಟ್ಸುಕೆ ನನ್ ಕೈಯಂಗೆ ಆತಿಲ್ಲೆ."

ನಮ್ಮದು ಬೈಂದೂರು ತಾಲೂಕಿನ ಒಂದು ಊರು. ಕಿರಿಮಂಜೇಶ್ವರ ದಾಟಿದ ಮೇಲೆ ಎಲ್ಲೋ ಒಂದು ಕಡೆ ಹೆದ್ದಾರಿ ಬಿಟ್ಟು ತಿರುಗಬೇಕು, ಇಷ್ಟು ಸಾಕು. ಹೆಸರು ಹೇಳುವುದಿಲ್ಲ, ಈಗಲೇ ನಮ್ಮೂರ ಹುಡುಗಿಯರಿಗೆ ಸಂಬಂಧ ಕೇಳಿ ಬರುವವರು ಕಡಿಮೆ. ಮನೆಗಳ ಸಾಲಿನ ಹಿಂದೆ ಗುಡ್ಡೆ. ಗುಡ್ಡೆಯ ಮೇಲೆ ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆ. ಅದು ಬಂದ ಹೊಸತರಲ್ಲಿ ನಮ್ಮವರೇ ಹಾರ ಹಾಕಿ ಸ್ವಾಗತ ಮಾಡಿದ್ದರು. ನಾಲ್ಕು ಜನಕ್ಕೆ ಕೆಲಸ ಸಿಗುತ್ತದೆ ಎಂಬ ಆಸೆ. ಮಳೆಗಾಲದಲ್ಲಿ ಗುಡ್ಡೆಯ ನೀರು ಕೆಂಪು ಮುರಕಲ್ಲಿನೊಳಗೆ ಇಳಿದು ನಮ್ಮ ಬಾವಿಗಳಿಗೇ ಬರುವುದು ಅನ್ನುವುದು ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಆದರೂ ಯಾರಿಗೂ ಹೊಳೆಯಲಿಲ್ಲ.

ನೀರಿಗೆ ಒಗರು ರುಚಿ ಬಂದಾಗ ಎಲ್ಲರೂ ಸೇರಿ ಬಾವಿಗೆ ನೆಲ್ಲಿ ಕೊಂಬೆ ಹಾಕಿದರು. ನಮ್ಮಲ್ಲಿ ಬಾವಿ ನೀರು ಕೆಟ್ಟರೆ ಮೊದಲು ಮಾಡುವುದೇ ಅದು. ನೆಲ್ಲಿ ಬಿದ್ದ ಮೇಲೆ ರುಚಿ ಒಂದಿಷ್ಟು ಸರಿಯಾಯಿತು, ಎಲ್ಲರೂ ಖುಷಿಯಿಂದ ಮತ್ತೆ ಕುಡಿದರು. ರುಚಿ ಸರಿಯಾದರೆ ನೀರು ಸರಿಯಾಯಿತು ಅಂದುಕೊಂಡ ಬುದ್ಧಿವಂತರು ನಾವು! ಆಮೇಲೆ ಅಮ್ಮನ ಕಾಲು ಬಾತುಕೊಂಡಿತು. ಕಿಡ್ನಿ ಅಂತ ಗೊತ್ತಾದ ದಿನದಿಂದ ನೋಡಲು ಬಂದ ನೆಂಟರೆಲ್ಲ ಎಳನೀರು ಹೊತ್ತು ತಂದರು, ಬಾಳೆದಿಂಡಿನ ರಸ ಹಿಂಡಿ ಕುಡಿಸಿದರು. ಕಿಡ್ನಿಗೆ ಬಾಳೆದಿಂಡು ಅಂತ ಯಾರು ಹೇಳಿಕೊಟ್ಟರೋ, ಊರಿಗೆ ಊರೇ ನಂಬಿದೆ. ಅದು ಕಲ್ಲಿಗೆ ಮಾಡುವ ಮದ್ದು. ಸೋತ ಕಿಡ್ನಿಗೆ ಅದೂ ವಿಷ, ಎಳನೀರೂ ವಿಷ. ಕುಂದಾಪುರದ ಡಾಕ್ಟರು ಕೇಳಿ ತಲೆ ಚಚ್ಚಿಕೊಂಡರು. "ಸಕ್ಕರೆ ಇಲ್ಲ, ಬಿ.ಪಿ. ಇರಲಿಲ್ಲ, ನೋವಿನ ಮಾತ್ರೆ ತಿಂದವರಲ್ಲ. ನಿಮ್ಮ ಊರಿಂದಲೇ ಯಾಕೆ ಇಷ್ಟು ಜನ?" ಎಂದು ನನ್ನ ಮುಖ ನೋಡಿದರು. ಕಾರ್ಖಾನೆಯ ಮಾತು ತೆಗೆದರೆ, "ಅದನ್ನು ನಾನು ಹೇಳಲಿಕ್ಕಾಗುವುದಿಲ್ಲಮ್ಮ, ಪರೀಕ್ಷೆ ಆಗಬೇಕು" ಎಂದರು. ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದ ಇಲಾಖೆಯವರು ಇವತ್ತಿನವರೆಗೆ ಒಂದು ಉತ್ತರ ಕೊಟ್ಟಿಲ್ಲ.

ಅಮ್ಮ ಬೇಡ ಅಂದ ಮಾತ್ರಕ್ಕೆ ಸುಮ್ಮನಿರುವ ಜನ ನಾನಲ್ಲ. ದಿನ ಬಿಟ್ಟು ದಿನ ಅವಳು ಡಯಾಲಿಸಿಸ್ಸಿಗೆ ಕುಂದಾಪುರಕ್ಕೆ ಬರುವುದು ಗೊತ್ತಿತ್ತಲ್ಲ, ಚೀಲ ಹಿಡಿದು ಬಸ್ಸು ಹತ್ತಿ ನೇರ ಆಸ್ಪತ್ರೆಗೇ ಹೋದೆ. ಮಂಚದ ಮೇಲೆ ಮಲಗಿದ್ದಳು. ಎಡಗೈಗೆ ಎರಡು ಸೂಜಿ, ಪಕ್ಕದಲ್ಲಿ ತಿರುಗುವ ಯಂತ್ರ. ನನ್ನ ಚೀಲ ಕಂಡದ್ದೇ ಮುಖ ಆಚೆ ತಿರುಗಿಸಿದಳು.

"ಬಾವಿ ನೀರ್ ಆಗದಿದ್ರೆ ಬೇರೆ ನೀರ್ ಹುಡ್ಕುವ" ಎಂದೆ.

"ಬಾಣಂತಿ ಮೀಸುಕೆ ಹಂಡೆಗಟ್ಲೆ ನೀರ್ ಬೇಕ್. ಅಂಗಡಿ ಕ್ಯಾನ್ ತಂದ್ ಮೀಸುದಾ? ಬ್ರಹ್ಮಾವರದಗೇ ಇರ್. ನಿನ್ ಅತ್ತಿ ಮಾಡ್ತ್ರ್."

"ನನ್ ಬಾಣಂತನ ಮಾಡುಕೆ ನಿಂಗ್ ಆಸೆ ಇತ್ತಾ ಇಲ್ಯಾ? ಅಷ್ಟ್ ಹೇಳ್ ಸಾಕ್."

ಅಮ್ಮನ ಕಣ್ಣಿಂದ ನೀರು ಕಿವಿಯ ಕಡೆ ಇಳಿಯಿತು. ಸೂಜಿ ಚುಚ್ಚಿದ ಕೈ ಎತ್ತುವ ಹಾಗಿಲ್ಲ, ನಾನೇ ಒರೆಸಿದೆ.

"ಅದೊಂದ್ ಆಸೆ ಬಿಟ್ರೆ ನಂಗ್ ಇನ್ನೆಂತ ಇತ್ತ್?" ಎಂದಳು.

ಆ ದಿನವೇ ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಹೋದೆವು. ಅಪ್ಪ ಮುಂಬೈ ಹೋಟೆಲಿನಲ್ಲಿ ದುಡಿದು ಬಂದು ತೋಡಿಸಿದ ಬಾವಿ ನಮ್ಮದು. ಅಪ್ಪ ಹೋಗಿ ಬಹಳ ವರ್ಷವಾಯಿತು. ಬಾವಿಕಟ್ಟೆಯ ಮೇಲೆ ಅಮ್ಮ ಈಗಲೂ ಶುಕ್ರವಾರ ಹೂ ಇಡುತ್ತಿದ್ದಳು, ಆದರೆ ನನ್ನನ್ನು ಹತ್ತಿರ ಬಿಡಲಿಲ್ಲ. ನನಗೆ ಕುಡಿಯಲು ಮಾತ್ರ ಕ್ಯಾನ್ ನೀರು. ಅವಳಿಗೆ ದಿನಕ್ಕೆ ಇಷ್ಟೇ ಎಂದು ಅಳೆದಿಟ್ಟ ಒಂದು ಸಣ್ಣ ಬಾಟಲಿ. ಉಪ್ಪು ತಿಂದವ ನೀರು ಕುಡಿಯಲೇಬೇಕು ಅಂತಾರೆ. ಉಪ್ಪು ತಿಂದವರು ಗುಡ್ಡೆಯ ಮೇಲೆ ಆರಾಮ ಇದ್ದರು. ಉಪ್ಪನ್ನೇ ಬಿಟ್ಟ ನನ್ನಮ್ಮ ಬಾಯಾರಿಕೆಯಲ್ಲಿ ನಾಲಗೆ ಒಣಗಿಸಿಕೊಂಡು ಕೂತಿದ್ದಳು. ಈ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ನಮ್ಮ ಬೇಲಿಯ ದಣಪೆಯ ಎದುರಿನ ರಸ್ತೆಯಲ್ಲೇ ಕಾರ್ಖಾನೆಗೆ ಲಾರಿಗಳು ಹೋಗಬೇಕು. ಒಂದು ಬೆಳಿಗ್ಗೆ ನಾನು ಜಗಲಿಯಲ್ಲಿ ಕೂತಿದ್ದಾಗ ಒಂದು ಟ್ಯಾಂಕರ್ ಹಿಂದಿನಿಂದ ನೀರು ತೊಟ್ಟಿಕ್ಕಿಸುತ್ತ ಗುಡ್ಡೆ ಹತ್ತಿತು. ಮರುದಿನ ಮತ್ತೆ ಬಂತು. ಅಮ್ಮ ರಸ್ತೆಗಿಳಿದು ಕೈ ಅಡ್ಡ ಹಿಡಿದಳು.

"ಹ್ವಾಯ್, ಒಂಚೂರ್ ನಿಲ್ಸಿ ಕಾಂಬ! ಇದ್ ಎಲ್ಲಿ ನೀರ್?"

ಡ್ರೈವರು ನಮ್ಮ ಕಡೆಯವನೇ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹೊಳಿ ಆಚಿದ್ದ್ ಅಮ್ಮಾ. ಮೇಲಿನ ಕ್ಯಾಂಟೀನಿಗೆ" ಎಂದ.

"ಈ ನೀರ್ ಕುಡುಕಾ?"

"ಕುಡುಕೂ ಅದೇ, ಅಡ್ಗಿಗೂ ಅದೇ. ಸಾಹೇಬ್ರ ಮನಿಗೂ ಇದ್ರಂಗೇ ಹೋಪುದ್."

ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಗ್ರಾಮಸಭೆಯಲ್ಲಿ ಅದೇ ಸಾಹೇಬ, ಘಟ್ಟದ ಮೇಲಿನಿಂದ ಬಂದ ಮ್ಯಾನೇಜರು, ಮೈಕ್ ಹಿಡಿದು, "ನಿಮ್ಮ ಬಾವಿ ನೀರಿಗೆ ಏನೂ ಆಗಿಲ್ಲ, ನಾವೂ ಇದೇ ನೆಲದ ನೀರು ಕುಡೀತೀವಿ" ಎಂದಿದ್ದ. ಚಪ್ಪಾಳೆ ತಟ್ಟಿದವರೂ ಇದ್ದರು.

"ಇದ್ ಬಸ್ರಿ ಹೆಣ್ಣ್. ಇದ್ಕ್ ಒಂದ್ ಕೊಡ ನೀರ್ ಕೊಡ್ತ್ಯಾ ಮಗಾ?" ಎಂದು ಅಮ್ಮ ಡ್ರೈವರನ್ನು ಕೇಳಿದಳು. ಬಸುರಿ ಹೆಂಗಸಿಗೆ ಇಲ್ಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಹಿಂದಿನ ನಲ್ಲಿ ತಿರುಗಿಸಿದ. ಅಮ್ಮ ಬಲಸೊಂಟದ ಮೇಲೆ ಕೊಡ ಇಟ್ಟುಕೊಂಡು ಒಳಗೆ ಬಂದಳು. ಎಡಗೈಯಲ್ಲಿ ಭಾರ ಎತ್ತುವ ಹಾಗಿರಲಿಲ್ಲ.

ಆಚೆಮನೆಯ ಚಿಕ್ಕಮ್ಮ ಇದನ್ನು ಬೇಲಿಯ ಮೇಲಿಂದ ಕಂಡಳು. ಮೀನು ಬುಟ್ಟಿ ಹೊತ್ತು ಊರೂರು ತಿರುಗಿದ ಹೆಂಗಸು, ಬಾಯಿ ಜೋರು, ಮನಸ್ಸು ಮೆತ್ತಗೆ. ಅವಳ ಗಂಡನಿಗೂ ಕಾಲು ಬಾತುಕೊಂಡಿತ್ತು. ಮರುದಿನ ಅವಳೂ ಕೊಡಪಾನ ಹಿಡಿದು ನಿಂತಳು. ವಾರ ಕಳೆಯುವುದರೊಳಗೆ ಸಾಲಿನ ಹೆಂಗಸರೆಲ್ಲ ರಸ್ತೆಯಲ್ಲಿ. ಡ್ರೈವರು ಅಳುವುದೊಂದು ಬಾಕಿ. ನಮ್ಮ ಹಂಡೆ ತುಂಬುತ್ತ ಬಂತು, ಅಮ್ಮ ಬಚ್ಚಲಿನ ಒಲೆಗೆ ಹೊಸ ಮಣ್ಣು ಮೆತ್ತಿದಳು. ಆ ದಿನಗಳಲ್ಲಿ ಅವಳ ಮುಖದಲ್ಲಿ ಒಂದು ಕಳೆ ಬಂದದ್ದನ್ನು ನಾನು ಕಂಡಿದ್ದೇನೆ.

ಕ್ಯಾಂಟೀನಿಗೆ ನೀರು ಕಮ್ಮಿಯಾಗಿ ಮ್ಯಾನೇಜರ ಕಾರು ಕೆಳಗಿಳಿಯಿತು. ಇಳಿದವನೇ, "ಕಂಪನಿ ನೀರು ಕದೀತೀರಾ? ಎಲ್ಲರ ಮೇಲೂ ಕಂಪ್ಲೇಂಟ್ ಕೊಡ್ತೀನಿ. ಕಳ್ಳರು!" ಎಂದು ಕೂಗಿ ಹೋದ.

ಬೈದಿದ್ದರೆ ಅಮ್ಮ ಬಿಟ್ಟುಬಿಡುತ್ತಿದ್ದಳು. ಕಳ್ಳಿ ಅಂದದ್ದು ತಡೆಯಲಿಲ್ಲ. ಇಡೀ ದಿನ ಗಂಜಿ ಮುಟ್ಟದೆ, "ನನ್ನ ಕಳ್ಳಿ ಅಂದ! ಕಂಡ್ಯಾ, ನನ್ನ ಕಳ್ಳಿ ಅಂದ!" ಎಂದು ಒಳಗೂ ಹೊರಗೂ ತಿರುಗಿದಳು. ಮರುದಿನ ಬೆಳಿಗ್ಗೆ ಎದ್ದು ಬಾವಿಯಿಂದ ನೀರು ಸೇದತೊಡಗಿದಳು. ನಾನು ಓಡಿ ಹೋಗಿ ಹಗ್ಗ ಹಿಡಿದೆ.

"ಎಂತ ಮಾಡ್ತಿದ್ದೆ ಅಮ್ಮ?"

"ತಕಂಡ್ ಬಂದ ಪಾತ್ರೆ ಯಾರಾರೂ ಖಾಲಿ ಕೊಡ್ತ್ರಾ? ಅವ ಹೇಳದ್ದ್ ಸರಿಯೇ. ಬರೀ ತಕಂಬುದ್ ಕಳ್ತನ. ಇವತ್ತಿಂದ ಒಂದ್ ಕೊಡ ತಕಂಡ್ರೆ ಒಂದ್ ಕೊಡ ತಿರ್ಗಿ ಹಾಕುದ್."

ನಮ್ಮ ಕಡೆ ನೆರೆಮನೆಯಿಂದ ಪಲ್ಯದ ಪಾತ್ರೆ ಬಂದರೆ ತೊಳೆದು ಬರಿದೇ ಕಳಿಸುವುದಿಲ್ಲ, ನಾಲ್ಕು ಮೆಣಸಿನಕಾಯಿಯಾದರೂ ಹಾಕಿಯೇ ಕೊಡುವುದು. ಅದೇ ಲೆಕ್ಕ. ಚಿಕ್ಕಮ್ಮನಿಗೆ ಹೇಳಿದಾಗ ಅವಳು ಬೇಲಿ ಹಿಡಿದುಕೊಂಡು ನಕ್ಕಳು. ಟ್ಯಾಂಕರ್ ಬಂತು. ಹೆಂಗಸರು ಹಿಂದಿನ ನಲ್ಲಿಯಿಂದ ತುಂಬಿಸಿಕೊಂಡರು. ಚಿಕ್ಕಮ್ಮ ಸೀರೆ ಮೇಲೆ ಕಟ್ಟಿ ಟ್ಯಾಂಕರಿನ ಏಣಿ ಹತ್ತಿ ಮುಚ್ಚಳ ತೆಗೆದಳು. ಕೆಳಗಿನಿಂದ ನಮ್ಮ ಬಾವಿಗಳ ನೀರು ಕೈಯಿಂದ ಕೈಗೆ ದಾಟಿ ಮೇಲೆ ಹೋಗಿ ಒಳಗೆ ಬಿತ್ತು.

"ಅಯ್ಯೋ ಅಮ್ಮಾ, ನನ್ ಕೆಲ್ಸ ಹೋತ್!" ಎಂದು ಡ್ರೈವರು ಫೋನ್ ತೆಗೆದ.

ಮ್ಯಾನೇಜರು ಚಪ್ಪಲಿಯಲ್ಲೇ ಓಡಿ ಬಂದ. ಚಿಕ್ಕಮ್ಮ ಮೇಲೆ ಕೊಡ ಬಗ್ಗಿಸಿ ಹಿಡಿದಿದ್ದಳು. ಕೆಳಗಿನಿಂದ ಅವನ ಕೂಗು: "ಏಯ್, ನಿಲ್ಲಿಸಿ! ಆ ನೀರು ಹಾಕಬೇಡಿ! ಅದನ್ನ ಕುಡಿದ್ರೆ ನಮ್ಮ ಜನ ಏನಾಗಬೇಕು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಶಾಲೆಯಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಆಗಲೇ. ಅಮ್ಮ ಅವನ ಎದುರಿಗೆ ಹೋಗಿ ನಿಂತಳು.

"ಎಂತ ಆತ್ತ್ ಸಾಹೇಬ್ರೆ? ನೀವೇ ಹೇಳಿ. ಕುಡಿದ್ರೆ ಎಂತ ಆತ್ತ್?"

ಅಮ್ಮ ಸೆರಗು ಸರಿಸಿ ಎಡಗೈ ಮುಂದೆ ಚಾಚಿದಳು. ಡಯಾಲಿಸಿಸ್ಸಿಗೆಂದು ನರ ಕೂಡಿಸಿದ ಜಾಗ ಗಂಟುಗಂಟಾಗಿ ಉಬ್ಬಿ ಜುಂ ಅನ್ನುತ್ತಿತ್ತು. "ಇಕಾ, ಹೀಂಗ್ ಆತ್ತ್. ಮುಟ್ಟಿ ಕಾಣಿ" ಎಂದಳು. ಅವನು ಹಿಂದೆ ಸರಿದ. ಚಿಕ್ಕಮ್ಮನ ಸೊಸೆ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದಳು. ಮಧ್ಯಾಹ್ನದೊಳಗೆ ಕುಂದಾಪುರದ ವಾಟ್ಸ್ಯಾಪ್ ಗ್ರೂಪುಗಳಲ್ಲೆಲ್ಲ ಓಡಿ, ಬ್ರಹ್ಮಾವರದ ನನ್ನ ಅತ್ತೆಗೂ ತಲುಪಿತು. "ನಿನ್ ಅಮ್ಮ ಭಾರಿ ಗಟ್ಟಿ ಹೆಂಗ್ಸ್ ಮಾರಾಯ್ತಿ" ಎಂದು ಅವರು ಫೋನ್ ಮಾಡಿದರು. ಹೆಮ್ಮೆಯಿಂದ ನನಗೆ ಅಳು ಬಂತು.

ಟ್ಯಾಂಕರ್ ಬೇರೆ ದಾರಿ ಹಿಡಿಯಿತು. ಅಧಿಕಾರಿಗಳು ಬಂದರು, ಹೋದರು. ಕೊನೆಗೆ ಒಂದು ದಿನ ಪಂಚಾಯತಿ ಸದಸ್ಯ ಸಿಹಿ ಸುದ್ದಿ ತಂದ. ಕಂಪನಿಯವರೇ ಖರ್ಚು ಹಾಕಿ ಹೊಳೆಯಾಚೆಯಿಂದ ಪೈಪು ಎಳೆದು ಮನೆಮನೆಗೆ ನಲ್ಲಿ ಕೊಡುತ್ತಾರಂತೆ. "ಒಂದೇ ಮಾತ್. ಹಳೆ ಬಾವಿ ಎಲ್ಲ ಮುಚ್ಕ್. ಎಲ್ಲ ಮುಚ್ಚಿದ ಮೇಲೆ ನೀರ್ ಬಿಡುದ್" ಎಂದ. ಯಾಕೆ ಅಂದರೆ ಸೊಳ್ಳೆ, ಮಕ್ಕಳು ಬಿದ್ದಾರು ಅಂದ. ಅಜ್ಜನ ಕಾಲದಿಂದ ಕಾಣದ ಸೊಳ್ಳೆ ಈಗ ಕಂಡಿತು ಇವರಿಗೆ! ಬಾವಿ ಇದ್ದರೆ ನಾಳೆ ಯಾರಾದರೂ ಬಂದು ನೀರು ತೆಗೆದು ಪರೀಕ್ಷೆ ಮಾಡಿಸಿಯಾರು, ಅದು ಹೆದರಿಕೆ. ಸಾಲಿನವರು ಒಬ್ಬೊಬ್ಬರಾಗಿ ಒಪ್ಪಿದರು. ತಪ್ಪು ಅನ್ನಲಾರೆ, ಮನೆಯಲ್ಲಿ ಮಕ್ಕಳಿದ್ದವರು. ಚಿಕ್ಕಮ್ಮನೂ ಒಪ್ಪಿದಳು, ಎರಡು ದಿನ ನಮ್ಮ ಬೇಲಿ ಹತ್ತಿರ ಬರಲಿಲ್ಲ. ಅಮ್ಮ ಮಾತ್ರ, "ನಲ್ಲಿ ಕೊಡುದ್ ಅವ್ರ ಧರ್ಮ. ಬಾವಿ ನನ್ನ್" ಎಂದು ಸದಸ್ಯನನ್ನು ಕಳಿಸಿದಳು.

ಅಷ್ಟರಲ್ಲಿ ನನಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಗಂಡ ತ್ರಾಸಿಯ ನೆಂಟರ ಬಾವಿಯಿಂದ ಡ್ರಮ್ಮಿನಲ್ಲಿ ನೀರು ತುಂಬಿಸಿ ಗೂಡ್ಸ್ ರಿಕ್ಷಾದಲ್ಲಿ ತಂದಿಳಿಸುತ್ತಿದ್ದ. ಚಿಕ್ಕಮ್ಮ ನಾಚಿಕೆ ಬಿಟ್ಟು ಬಂದು ನನ್ನನ್ನು ಮೀಯಿಸಿದಳು. ಅಮ್ಮ ಮಣೆ ಹಾಕಿ ಕೂತು ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಬಾಣಂತನ ನಡೆಯಿತು, ಅವಳ ಕೈಯಲ್ಲೇ ನಡೆಯಿತು.

ಉಳಿದ ಬಾವಿಗಳಿಗೆ ಮಣ್ಣು ಬಿದ್ದ ಮೇಲೆ ಟಿಪ್ಪರ್ ನಮ್ಮ ಅಂಗಳಕ್ಕೆ ಬಂದು ನಿಂತಿತು. ಬೇಕೆಂದೇ ಅಮ್ಮನ ಡಯಾಲಿಸಿಸ್ ದಿನ ನೋಡಿ ಬಂದಿದ್ದರು. ಅಮ್ಮ ಹೊರಟವಳು ಚಪ್ಪಲಿ ಬಿಟ್ಟು ಬಾವಿಕಟ್ಟೆಯ ಮೇಲೆ ಕೂತಳು. ಸದಸ್ಯ ಬೇಡಿಕೊಂಡ, ಗದರಿದ. ನೆರೆಯವರು, "ನಿಮ್ ಒಬ್ರಿಂದ ಎಲ್ರ ನಲ್ಲಿ ನಿಂತಿತ್ತಲೇ" ಎಂದರು. ಅಮ್ಮ ಕದಲಲಿಲ್ಲ. ಬಸ್ಸು ಒಂದು ಹೋಯಿತು, ಇನ್ನೊಂದೂ ಹೋಯಿತು. ಅವಳ ಮುಖ ಊದಿಕೊಂಡು ಉಸಿರು ಗಿಡ್ಡವಾಗುತ್ತಿತ್ತು. ಕಿಟಕಿಯಿಂದ ನೋಡಿ ನೋಡಿ ನನಗೆ ತಡೆಯಲಿಲ್ಲ, ಕೂಸನ್ನೆತ್ತಿಕೊಂಡು ಹೊರಗೆ ಬಂದೆ.

"ಅಮ್ಮ, ಇವತ್ ತಪ್ಸಿರೆ ನೀ ಇಪ್ಪುದಿಲ್ಲೆ."

"ನಾ ಎದ್ರೆ ಬಾವಿ ಇಪ್ಪುದಿಲ್ಲೆ. ಬಾವಿ ಮುಚ್ಚಿರೆ ನಾ ಎಂತಕೆ ಸತ್ತೆ ಅಂದೇಳಿ ಹೇಳುಕೆ ಯಾರ್ ಇದ್ರ್?"

"ನೀ ಹೋಗ್. ನಾ ಕೂಕಂತೆ."

ಹೆರಿಗೆಯ ಸೂತಕ ಕಳೆಯದ ಬಾಣಂತಿ ಬಾವಿಯ ಹತ್ತಿರ ಸುಳಿಯುವ ಹಾಗಿಲ್ಲ. ಪೂಜೆ ಮಾಡಿ ನೀರು ಮುಟ್ಟುವ ಶಾಸ್ತ್ರ ಆಗುವವರೆಗೆ ಹಗ್ಗವನ್ನೂ ಮುಟ್ಟುವುದಿಲ್ಲ. ನಾನು ಕಟ್ಟೆಯ ಮೇಲೆಯೇ ಹತ್ತಿ ಕೂತೆ. ಚಿಕ್ಕಮ್ಮ ಎದೆ ಬಡಿದುಕೊಂಡು ಓಡಿ ಬಂದಳು. "ಹೆಣೆ, ಸೂತಕ ಕಳೀದೆ ಬಾವಿಕಟ್ಟೆ ಮುಟ್ಟುದಾ! ಮೈಲಿಗೆ ಮೈಲಿಗೆ!"

"ಈ ಬಾವಿಗೆ ಇನ್ನ್ ಎಂತ ಮೈಲಿಗೆ ಆಪುಕಿತ್ತ್ ಚಿಕ್ಕಮ್ಮ?" ಎಂದೆ. ಧ್ವನಿ ಏರಿತ್ತು. ಕೂಸು ಎದ್ದು ಅಳತೊಡಗಿತು.

ಚಿಕ್ಕಮ್ಮ ತನ್ನ ತಲೆಯ ಬಟ್ಟೆ ಬಿಚ್ಚಿ ಗಾಳಿ ಹೊಗದ ಹಾಗೆ ನನ್ನ ಕಿವಿಗೆ ಬಿಗಿದು ಕಟ್ಟಿದಳು, ಪಕ್ಕದಲ್ಲಿ ಏರಿ ಕೂತಳು. ಅಮ್ಮನನ್ನು ಯಾರೋ ರಿಕ್ಷಾದಲ್ಲಿ ಕುಂದಾಪುರಕ್ಕೆ ಕರೆದೊಯ್ದರು. ನಾನು ಎಲ್ಲರ ಎದುರಿಗೆ ಸೆರಗು ಹೊದ್ದು ಕೂಸಿಗೆ ಹಾಲು ಕೊಟ್ಟೆ. ಸದಸ್ಯ ಟಿಪ್ಪರಿನವನಿಗೆ, "ಎಂತ ಕಾಣುದ್, ಒಂದ್ ಬದಿಯಿಂದ ಸುರಿ" ಎಂದ. ಟಿಪ್ಪರಿನವನು ಬೀಡಿ ಬಿಸಾಡಿ, "ಹಸಿ ಬಾಣಂತಿ ಕಾಲ್ ಬುಡಕ್ಕೆ ಮಣ್ಣ್ ಹಾಕುಕೆ ನನ್ ಅಬ್ಬಿ ನನ್ನ ಹೆರ್ಲಿಲ್ಲೆ. ಬೇಕಾರೆ ನೀವೇ ಸುರೀನಿ" ಎಂದು ಗಾಡಿ ತಿರುಗಿಸಿದ. ಮಣ್ಣು ತುಂಬಿಕೊಂಡೇ ಹಿಂದೆ ಹೋಯಿತು.

ನಲ್ಲಿ ಬಂತು, ನಮ್ಮ ಮನೆಗೂ ಬಂತು. ಬಾವಿ ಮುಚ್ಚಿಸಿಕೊಂಡವರೆಲ್ಲ ಪಂಚಾಯತಿಗೆ ನುಗ್ಗಿ ಗಲಾಟೆ ಮಾಡಿದ ಮೇಲೆ ಬಿಡದೆ ಗತಿ ಇರಲಿಲ್ಲ. ಕೂಸಿಗೆ ಹಲ್ಲು ಮೂಡುವವರೆಗೆ ಅಮ್ಮ ಇದ್ದಳು. ಆಸ್ಪತ್ರೆಯ ಕಾಗದದಲ್ಲಿ ಕಿಡ್ನಿ ವೈಫಲ್ಯ ಎಂದಿದೆ. ಯಾಕೆ ವಿಫಲವಾಯಿತು ಅಂತ ಬರೆಯುವ ಪದ್ಧತಿ ಇಲ್ಲವಂತೆ. ಕಾರ್ಖಾನೆ ಇನ್ನೂ ನಡೆಯುತ್ತಿದೆ, ನಮ್ಮ ಕೇಸೂ ನಡೆಯುತ್ತಿದೆ. ಹೋದಲ್ಲಿ ಬಂದಲ್ಲಿ ನೆಂಟರು, "ಅಮ್ಮನೇ ಹೋದ್ಮೇಲೆ ಆ ಬಾವಿ ಎಂತಕೆ? ಮಗು ಬಿದ್ದ್ರೆ?" ಅನ್ನುತ್ತಾರೆ. ನಾನು ಬಾವಿಯ ಬಾಯಿಗೆ ಕಬ್ಬಿಣದ ಗ್ರಿಲ್ ಹಾಕಿಸಿದ್ದೇನೆ. ಮುಚ್ಚಿಲ್ಲ.

ಮಗಳಿಗೆ ಈಗ ಮಾತು ಬಂದಿದೆ, ಪ್ರಶ್ನೆ ಮುಗಿಯುವುದಿಲ್ಲ. ಮೊನ್ನೆ ಊರಿಗೆ ಹೋದಾಗ ಗೋಡೆಯ ಮೇಲಿನ ಫೋಟೋ ನೋಡಿ ಕೇಳಿದಳು: "ಅಮ್ಮಮ್ಮ ಎಂತಕೆ ಸತ್ತ್ ಹೋದ್ರ್?"

ಅವಳನ್ನು ಸೊಂಟಕ್ಕೆತ್ತಿಕೊಂಡು ಅಂಗಳಕ್ಕೆ ಹೋದೆ, ಗ್ರಿಲ್ಲಿನ ಮೇಲೆ ಬಗ್ಗಿ ಕೆಳಗೆ ತೋರಿಸಿದೆ.